ರಾತ್ ಆಫ್ ದಿ ರೈಟಿಯಸ್ ಮೂರನೇ ಸಲ ಮುಗಿಸಿದೆ: ಯಾಕೆ ಇಷ್ಟ, ಯಾಕೆ ಸಿಟ್ಟು

ಬನಶಂಕರಿ ಬಾರ್ಡ್

ನಿನ್ನೆ ರಾತ್ರಿ ಎರಡು ಗಂಟೆಗೆ ಮುಗಿಯಿತು. ಹೊರಗೆ ಜೋರು ಮಳೆ. ಕರೆಂಟ್ ಎರಡು ಸಲ ಹೋಗಿ ಬಂತು, ಯುಪಿಎಸ್ ಒಂದೇ ಸಮನೆ ಕೂಗುತ್ತಿತ್ತು. ಕೊನೆಯ ಯುದ್ಧದ ಮಧ್ಯೆ ಹಿಂಗಾದರೆ ಎದೆ ಎಷ್ಟು ಹೊಡೆದುಕೊಳ್ಳುತ್ತದೆ ಅಂತ ಆಡಿದವರಿಗೇ ಗೊತ್ತು.

ಪಾಥ್‌ಫೈಂಡರ್: ರಾತ್ ಆಫ್ ದಿ ರೈಟಿಯಸ್. ಔಲ್‌ಕ್ಯಾಟ್ ಗೇಮ್ಸ್‌ನವರು 2021ರ ಸೆಪ್ಟೆಂಬರ್‌ನಲ್ಲಿ ಬಿಟ್ಟ ಗೇಮ್. ಇಷ್ಟು ವರ್ಷ ಆದಮೇಲೆ ಈಗ ಯಾಕೆ ಬರೆಯುತ್ತಿದ್ದೀಯ ಅಂತ ಕೇಳಬಹುದು. ಮೊದಲ ಎರಡು ಸಲ ಆಡಿದಾಗ ಇದರ ಮೇಲೆ ನನಗಿರುವುದು ಪ್ರೀತಿಯೋ ಸಿಟ್ಟೋ ಗೊತ್ತಾಗಿರಲಿಲ್ಲ. ಈ ಸಲ ಗೊತ್ತಾಯಿತು.

ಆಡದವರಿಗೆ ಎರಡೇ ಮಾತು. ಕೆನಾಬ್ರೆಸ್ ಅಂತ ಒಂದು ಊರು, ಅಲ್ಲಿ ಹಬ್ಬ ನಡೆಯುತ್ತಿರುತ್ತದೆ. ಡೆಸ್ಕಾರಿ ಎಂಬ ರಾಕ್ಷಸರ ಒಡೆಯ ಬಂದು ಊರು ಕಾಯುವ ಬೆಳ್ಳಿ ಡ್ರ್ಯಾಗನ್ನನ್ನು ಕೊಂದು ನೆಲವನ್ನೇ ಸೀಳುತ್ತಾನೆ. ನೀವು ಆ ಬಿರುಕಿನೊಳಗೆ ಬೀಳುತ್ತೀರಿ. ಅಲ್ಲಿಂದ ಎದ್ದು ಬಂದು ಆರು ಜನರ ಗುಂಪು ಕಟ್ಟಬೇಕು, ಆಮೇಲೆ ದಂಡನ್ನೂ ಕಟ್ಟಬೇಕು. ಆಯ್ಕೆಗೆ 25 ಕ್ಲಾಸ್ (ಪಾತ್ರದ ಕಸುಬು), 12 ಜನಾಂಗ, ಸಾವಿರಕ್ಕೂ ಜಾಸ್ತಿ ಸ್ಪೆಲ್ಲು (ಮಂತ್ರ), ಫೀಟು (ವಿಶೇಷ ಕೌಶಲ) ಇತ್ಯಾದಿ. ನನ್ನ ಮೊದಲ ಸಂಜೆ ಪೂರ್ತಿ ಪಾತ್ರ ಮಾಡುವ ಪರದೆಯಲ್ಲೇ ಕಳೆದುಹೋಗಿತ್ತು.

ಇಷ್ಟವಾಗುವುದು ಏನು ಅಂದರೆ, ಈ ಗೇಮ್ ಲೆಕ್ಕ ಮುಚ್ಚಿಡುವುದಿಲ್ಲ. ಕೆಳಗೆ ಬಲಗಡೆ ಲಾಗ್ ಇದೆ. ಒಂದು ಏಟು ತಪ್ಪಿದರೆ ಯಾಕೆ ತಪ್ಪಿತು ಅಂತ ಅಲ್ಲಿ ಪೈಸೆ ಪೈಸೆ ಲೆಕ್ಕ ಇರುತ್ತದೆ. ನನ್ನ ಗುಂಪಿನ ಸೀಲಾ ಕತ್ತಿ ಬೀಸಿದಳು. ಡೈಸ್‌ನಲ್ಲಿ 11 ಬಿತ್ತು, ಅವಳ ಬೋನಸ್ 8, ಒಟ್ಟು 19. ಎದುರಿನವನ ಎಸಿ, ಅಂದರೆ ಏಟು ತಾಗಲು ಮುಟ್ಟಬೇಕಾದ ಸಂಖ್ಯೆ, 22. ಮೂರು ಕಮ್ಮಿ ಬಿತ್ತು. ಈಗ ಯೋಚಿಸಿ. ಬ್ಲೆಸ್ ಸ್ಪೆಲ್ ಹಾಕಿದ್ದರೆ 1 ಸಿಗುತ್ತಿತ್ತು. ಇನ್ನೊಬ್ಬರನ್ನು ಅದೇ ಶತ್ರುವಿನ ಪಕ್ಕ ನಿಲ್ಲಿಸಿದ್ದರೆ ಫ್ಲಾಂಕಿಂಗ್‌ನಿಂದ 2. ಸರಿಯಾಗಿ 22, ಏಟು ತಾಗುತ್ತಿತ್ತು. ಇದು ಅರ್ಥವಾದ ದಿನ ನನಗೆ ಗೇಮ್ ಬೇರೆಯೇ ಆಯಿತು. ಅಲ್ಲಿಯವರೆಗೆ ‘ಛೇ, ನಸೀಬು ಸರಿ ಇಲ್ಲ’ ಅಂತ ಹಳೆಯ ಸೇವ್ ಲೋಡ್ ಮಾಡುತ್ತಿದ್ದೆ.

ಇನ್ನು ರಾಕ್ಷಸರ ವಿಷಯ. ಪುರಾಣ ಕೇಳಿ ಬೆಳೆದ ನಮಗೆ ಇದು ಬೇಗ ಹತ್ತಬೇಕು, ಯಾಕೆಂದರೆ ಇಲ್ಲಿ ಒಬ್ಬೊಬ್ಬ ರಾಕ್ಷಸನೂ ಒಂದೊಂದು ವರ ತಗೊಂಡೇ ಹುಟ್ಟಿರುತ್ತಾನೆ. ಬಾಬೌ ಅಂತ ಒಬ್ಬ ಬರುತ್ತಾನೆ. ಅವನ ಮೈಗೆ ಬೀಳುವ ಪ್ರತಿ ಏಟಿನಲ್ಲಿ 10 ಕಳೆಯಬೇಕು. ನಿಮ್ಮ ಏಟು 9 ಇದ್ದರೆ ಸೊನ್ನೆ. ಕೋಲ್ಡ್ ಐರನ್ ಆಯುಧದಿಂದ ಹೊಡೆದರೆ, ಇಲ್ಲವೇ ‘ಗುಡ್’ (ಒಳಿತಿನ) ಗುಣ ಇರುವ ಆಯುಧದಿಂದ ಹೊಡೆದರೆ ಮಾತ್ರ ಪೂರ್ತಿ ಏಟು ತಾಗುತ್ತದೆ. ಮನೆಯೊಳಗೂ ಅಲ್ಲ, ಹೊರಗೂ ಅಲ್ಲ, ಹಗಲೂ ಅಲ್ಲ, ರಾತ್ರಿಯೂ ಅಲ್ಲ ಅಂತ ಹಿರಣ್ಯಕಶಿಪು ವರ ತಗೊಂಡಿದ್ದನಲ್ಲ, ಹಾಗೆ. ಸೀಲಾಳ ಸ್ಮೈಟ್ ಈವಿಲ್ ಅನ್ನುವ ಶಕ್ತಿ ಇದೆಯಲ್ಲ, ಅದು ಎಂಥಾ ವರವನ್ನೂ ಲೆಕ್ಕಕ್ಕಿಡುವುದಿಲ್ಲ. ಕಂಬ ಒಡೆದು ಬಂದ ನರಸಿಂಹನೇ ಸರಿ.

ಈಗ ಸಿಟ್ಟು. ಈ ಗೇಮ್‌ನಲ್ಲಿ ಯುದ್ಧ ಶುರುವಾಗುವ ಮೊದಲೇ ಮುಗಿದಿರುತ್ತದೆ. ತಯಾರಿ ಸರಿ ಇದ್ದರೆ ಒಂದೂವರೆ ಸುತ್ತಿನಲ್ಲಿ ಎಲ್ಲರೂ ಸತ್ತಿರುತ್ತಾರೆ. ಸರಿ ಇಲ್ಲದಿದ್ದರೆ ಒಂದೂವರೆ ಸುತ್ತಿನಲ್ಲಿ ನಾವು ಸತ್ತಿರುತ್ತೇವೆ. ನಡುವೆ ‘ಅಯ್ಯೋ ಈಗೇನು ಮಾಡಲಿ’ ಅಂತ ತಲೆ ಕೆರೆದುಕೊಳ್ಳುವ ಯುದ್ಧಗಳು ಕೈಬೆರಳಲ್ಲಿ ಎಣಿಸುವಷ್ಟು. ಡ್ರೆಜೆನ್ ಕೋಟೆ ತಲುಪಿದ ಮೇಲೆ ಒಂದು ದಿನ ಕೂತು ಎಣಿಸಿದೆ. ಬೆಳಿಗ್ಗೆ ಎದ್ದು ಕ್ಯಾಂಪ್‌ನಿಂದ ಹೊರಡುವ ಮುಂಚೆ 34 ಸ್ಪೆಲ್ ಹಾಕುತ್ತಿದ್ದೆ. ಮೇಜ್ ಆರ್ಮರ್, ಶೀಲ್ಡ್ ಆಫ್ ಫೇಯ್ತ್, ಹೀರೋಯಿಸಂ, ಡೆತ್ ವಾರ್ಡ್, ಬಾರ್ಕ್‌ಸ್ಕಿನ್... ಅಷ್ಟು ಮಾಡಿ ಆಮೇಲೆ ಗೊತ್ತಾಯಿತು, ಕೊರಳಲ್ಲಿ ನ್ಯಾಚುರಲ್ ಆರ್ಮರ್ ತಾಯಿತ ಇದ್ದವರಿಗೆ ಬಾರ್ಕ್‌ಸ್ಕಿನ್ ಕೂಡುವುದೇ ಇಲ್ಲ. ಎರಡೂ ಒಂದೇ ಜಾತಿ ಬೋನಸ್, ದೊಡ್ಡದು ಮಾತ್ರ ಲೆಕ್ಕ. ಎಷ್ಟೋ ದಿನ ಸುಮ್ನೆ ಹಾಕಿದ್ದೆ.

ನಿಮಗೆಲ್ಲ ಹೇಗನಿಸಿತು? ಬೈಯುವವರಿಗೂ ಸ್ವಾಗತ.

ಕೆಲಸ ಮುಗಿದ ಮೇಲೆ

34 ಸ್ಪೆಲ್ ಓದಿ ಹೊಟ್ಟೆ ಉರಿಯಿತು ಬಾರ್ಡ್. ನನಗೆ ದಿನಕ್ಕೆ ಸಿಗುವುದು ಒಂದು ಗಂಟೆ. ಆಫೀಸಿನಿಂದ ಬಂದು, ಮಗಳನ್ನು ಮಲಗಿಸಿ, ಪಾತ್ರೆ ತೊಳೆದು ಕೂರುವಷ್ಟರಲ್ಲಿ ಹತ್ತೂವರೆ. ಹತ್ತು ನಿಮಿಷ ಬಫ್, ಅಂದರೆ ನಮ್ಮವರ ಬಲ ಹೆಚ್ಚಿಸುವ ಸ್ಪೆಲ್, ಹಾಕುವುದಕ್ಕೆ. ಆಮೇಲೆ ಒಂದು ಬಾಗಿಲು ತೆಗೆದರೆ ನಾಲ್ಕು ಶತ್ರು, ಎರಡು ನಿಮಿಷದಲ್ಲಿ ಖಲಾಸ್. ಮುಂದಿನ ಬಾಗಿಲು. ಅಷ್ಟರಲ್ಲಿ ನಿಮಿಷದ ಲೆಕ್ಕದ ಬಫ್‌ಗಳು ಮುಗಿದಿರುತ್ತವೆ. ಮತ್ತೆ ಹಾಕು.

ನನ್ನ ಅಭಿಪ್ರಾಯ ನೇರ. ಒಂದು ಕೆಲಸವನ್ನು ಪ್ರತಿ ಸಲ ಅದೇ ಕ್ರಮದಲ್ಲಿ, ಯೋಚನೆಯೇ ಮಾಡದೆ ಮಾಡಬೇಕು ಅಂದರೆ ಅದು ಆಟ ಅಲ್ಲ, ಗೇಟ್ ಪಾಸ್ ಬರೆಯುವ ಕೆಲಸ. ಪ್ಲಾನಿಂಗ್ ಅಂದರೆ ಆಯ್ಕೆ ಇರಬೇಕು ಅಲ್ವಾ? ಡೆತ್ ವಾರ್ಡ್ ಹಾಕಲೋ ಬೇಡವೋ ಅಂತ ಯಾರೂ ಯೋಚಿಸುವುದಿಲ್ಲ. ಹಾಕುತ್ತಾರೆ ಅಷ್ಟೇ.

ಕಂಪನಿಯವರು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಆಟಗಾರರೇ ಮಾಡಿದರು. ಬಬಲ್ ಬಫ್ಸ್ ಅಂತ ಮಾಡ್ (ಆಟಗಾರರೇ ಮಾಡಿದ ಸೇರ್ಪಡೆ) ಹಾಕಿಕೊಂಡೆ. ಒಂದು ಬಟನ್ ಒತ್ತಿದರೆ ಎಲ್ಲ ಬಫ್ ಬೀಳುತ್ತದೆ. ಅದಿಲ್ಲದಿದ್ದರೆ ಮೂರನೇ ಅಂಕದಲ್ಲೇ ಬಿಟ್ಟಿರುತ್ತಿದ್ದೆ.

ಲೆಕ್ಕಿಗ ಲಿಚ್

ವಿರೋಧ ಇದೆ. ಇಬ್ಬರಿಗೂ.

ಬಫ್ ಜಾಸ್ತಿ, ಒಪ್ಪುತ್ತೇನೆ. ಆದರೆ ಎಂಡ್ಯೂರಿಂಗ್ ಸ್ಪೆಲ್ಸ್ ಅಂತ ಮಿಥಿಕ್ ಶಕ್ತಿ (ಮಾಮೂಲಿ ಲೆವೆಲ್‌ಗಳ ಮೇಲೆ ಸಿಗುವ ಅಸಾಮಾನ್ಯ ಬಲ) ಇದೆ. ಅದನ್ನು ತಗೊಂಡರೆ ಒಂದು ಗಂಟೆಗಿಂತ ಜಾಸ್ತಿ ನಿಲ್ಲುವ ಬಫ್ 24 ಗಂಟೆ ನಿಲ್ಲುತ್ತದೆ. ಅದರ ದೊಡ್ಡ ರೂಪ ತಗೊಂಡರೆ ಐದು ನಿಮಿಷ ಮೀರಿದ ಬಫ್‌ಗಳೂ ದಿನವಿಡೀ. ದಿನಕ್ಕೆ ಒಂದು ಸಲ ಹಾಕಿ ಮರೆತುಬಿಡಿ. ಆ ಎರಡು ಸ್ಥಾನವನ್ನು ಇದಕ್ಕೆ ಕೊಡಬೇಕೋ, ಇನ್ನೇನಾದರೂ ಹೊಡೆಯುವ ಶಕ್ತಿಗೆ ಕೊಡಬೇಕೋ ಅನ್ನುವುದೇ ಆಯ್ಕೆ. ಅದನ್ನು ಮಾಡದೆ ಗೇಟ್ ಪಾಸ್ ಅಂದರೆ ಹೇಗೆ?

ಮತ್ತೆ ‘ಯುದ್ಧ ಶುರುವಾಗುವ ಮೊದಲೇ ಮುಗಿದಿರುತ್ತದೆ’ ಅಂದಿರಿ. ನನಗೆ ಬೇಕಾಗಿದ್ದೇ ಅದು! ಮಾರ್ಚ್ 31ರ ರಾತ್ರಿ ಓಡಾಡುವವನು ಒಳ್ಳೆ ಅಕೌಂಟೆಂಟ್ ಅಲ್ಲ. ವರ್ಷಪೂರ್ತಿ ಪುಸ್ತಕ ಸರಿ ಇಟ್ಟವನಿಗೆ ಆ ರಾತ್ರಿ ನಿದ್ದೆ. ವಿಝಾರ್ಡ್ ಆಗಿ ಶುರು ಮಾಡಿದೆ, ಲಿಚ್ (ಸತ್ತೂ ಸಾಯದ ಮಾಂತ್ರಿಕ) ಅನ್ನುವ ಮಿಥಿಕ್ ದಾರಿ ಹಿಡಿದೆ, ಎರಡೂ ಸ್ಪೆಲ್ ಪುಸ್ತಕ ಒಂದಾಯಿತು. ಆಮೇಲೆ ಬಂದ ರಾಕ್ಷಸರೆಲ್ಲ ಒಂದೊಂದು ಎಂಟ್ರಿ. ಬರೆದೆ, ಮುಚ್ಚಿದೆ.

ಎಲ್ಲರೂ ಬೈಯುವ, ದಂಡು ನಡೆಸುವ ಕ್ರುಸೇಡ್ ಭಾಗ ಕೂಡ ನನಗೆ ಇಷ್ಟ. ಕಲ್ಲು ಹೊಡೆಯಿರಿ.

ಕೆಲಸ ಮುಗಿದ ಮೇಲೆ

ಹೊಡೆದೆ.

ಮೆಟ್ರೋ ಮಾಂತ್ರಿಕ

ನಾನು ಪೂರ್ತಿ ಗೇಮ್ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನಲ್ಲಿ ಆಡಿದವನು. ಕೆಂಗೇರಿಯಲ್ಲಿ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತೇನೆ. ನೇರಳೆ ಲೈನ್ ಪೂರ್ತಿ ತೆರೆದ 2023ರ ಅಕ್ಟೋಬರ್‌ನಿಂದ ನನ್ನ ಗೇಮಿಂಗ್ ಎಲ್ಲ ಅಲ್ಲೇ. ಟರ್ನ್ ಬೇಸ್ಡ್‌ನಲ್ಲಿ (ಸರದಿ ಪ್ರಕಾರ ಆಡುವ ವಿಧಾನ) ಒಂದು ದೊಡ್ಡ ಯುದ್ಧ ಅಂದರೆ ಕೆಂಗೇರಿಯಿಂದ ಮೆಜೆಸ್ಟಿಕ್. ಅಲ್ಲಿ ಜನ ನುಗ್ಗುತ್ತಾರೆ, ಮೊಣಕೈ ಆಡಿಸಲೂ ಜಾಗ ಇರುವುದಿಲ್ಲ, ಡೆಕ್ ಬ್ಯಾಗಿನೊಳಗೆ.

ನನ್ನ ದೂರು ಒಂದೇ, ಅಕ್ಷರ. ಬಾರ್ಡ್ ಹೊಗಳಿದ ಆ ಲಾಗ್ ಸಣ್ಣ ಪರದೆಯಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ. ಒಂದು ಸಲ ಪಕ್ಕದಲ್ಲಿ ಕೂತಿದ್ದ ಅಜ್ಜ ‘ಏನಪ್ಪಾ, ಪಂಚಾಂಗ ಓದ್ತಿದ್ದೀಯಾ’ ಅಂದರು.

ಹೊಗಳಬೇಕಾದ್ದು: ರಿಯಲ್ ಟೈಮ್, ಟರ್ನ್ ಬೇಸ್ಡ್ ಎರಡನ್ನೂ ಯುದ್ಧದ ಮಧ್ಯದಲ್ಲೇ ಬದಲಾಯಿಸಬಹುದು. ಪುಡಿ ಶತ್ರುಗಳನ್ನು ರಿಯಲ್ ಟೈಮ್‌ನಲ್ಲಿ ಗುಡಿಸಿಹಾಕು, ದೊಡ್ಡವನು ಬಂದರೆ ಟರ್ನ್‌ಗೆ ಹೋಗು. ಇದನ್ನು ಇಷ್ಟು ಸಲೀಸಾಗಿ ಮಾಡುವ ಇನ್ನೊಂದು ಗೇಮ್ ನಾನು ಆಡಿಲ್ಲ. ಇವರ ಹಿಂದಿನ ಗೇಮ್ ಕಿಂಗ್‌ಮೇಕರ್ 2018ರಲ್ಲಿ ಬಂದಾಗ ಟರ್ನ್ ಬೇಸ್ಡ್ ಇರಲೇ ಇಲ್ಲ. ಮೊದಲು ಒಬ್ಬ ಆಟಗಾರ ಮಾಡ್ ಮಾಡಿದ, ಆಮೇಲೆ 2020ರಲ್ಲಿ ಕಂಪನಿಯವರೇ ಅದನ್ನು ಗೇಮ್‌ನೊಳಗೆ ತಂದರು. ಅಲ್ಲಿಗೆ ಬಫ್ ಮಾಡ್‌ನೂ ಹಂಗೇ ಒಳಗೆ ತರಬಹುದಿತ್ತು.

ಚೌಕಾಬಾರ ಅಕ್ಕ

ಬಾರ್ಡ್ ಅವರೇ, ಒಳ್ಳೆ ಪೋಸ್ಟ್. ನಾನು ಕಂಪ್ಯೂಟರ್ ಗೇಮ್‌ಗೆ ಬಂದಿದ್ದು ತಡ. ಅದಕ್ಕೂ ಮುಂಚೆ ಇದೇ ಪಾಥ್‌ಫೈಂಡರ್‌ನ ಮೊದಲ ಆವೃತ್ತಿಯನ್ನು ಕಾಗದ, ಪೆನ್ಸಿಲ್, ಡೈಸ್ ಇಟ್ಟುಕೊಂಡು ಜಯನಗರದ ಗೆಳತಿಯ ಮನೆಯಲ್ಲಿ ಶನಿವಾರ ಶನಿವಾರ ಆಡುತ್ತಿದ್ದೆವು. ಆ ನಿಯಮಪುಸ್ತಕ 2009ರದು. ಈ ಕಥೆ ಆರು ಪುಸ್ತಕಗಳಾಗಿ ಬಂದಿದ್ದು 2013-14ರಲ್ಲಿ. ಹಾಗಾಗಿ ನಿಮ್ಮ ಸಿಟ್ಟಿನ ಬೇರು ಎಲ್ಲಿದೆ ಅಂತ ನನಗೆ ಸ್ವಲ್ಪ ಗೊತ್ತಿದೆ ಅಂದುಕೊಂಡಿದ್ದೇನೆ.

ಮೇಜಿನ ಮೇಲೆ ಆಡುವಾಗ ಎದುರಿಗೆ ಆಟ ನಡೆಸುವವರು ಒಬ್ಬರು ಇರುತ್ತಾರೆ. ನಾವು ನಾಲ್ಕು ಜನ. ನಾವು ಸೋಲುತ್ತಿದ್ದರೆ ಅವರಿಗೆ ಮುಖ ನೋಡಿದರೆ ಗೊತ್ತಾಗುತ್ತದೆ. ರಾಕ್ಷಸ ಒಂದು ಸುತ್ತು ಸುಮ್ಮನೆ ನಕ್ಕು ಡೈಲಾಗ್ ಹೊಡೆಯುತ್ತಾನೆ, ನಮಗೆ ಉಸಿರು ಬರುತ್ತದೆ. ನಾವು ತೀರಾ ಸುಲಭವಾಗಿ ಗೆಲ್ಲುತ್ತಿದ್ದರೆ ಬಾಗಿಲ ಹಿಂದೆ ಇನ್ನಿಬ್ಬರು ಹುಟ್ಟಿಕೊಳ್ಳುತ್ತಾರೆ. ಸತ್ತರೆ ಸತ್ತಂತೆಯೇ, ಲೋಡ್ ಇಲ್ಲ.

ಕಂಪ್ಯೂಟರ್‌ನಲ್ಲಿ ಏನಾಯಿತು ನೋಡಿ. ನಾಲ್ಕರ ಜಾಗದಲ್ಲಿ ಆರು ಜನ. ಸೋತರೆ ಲೋಡ್. ಬೇಕಾದಾಗ ಮಲಗಿ ಏಳಬಹುದು. ಅದರ ಮೇಲೆ ಮಿಥಿಕ್ ಶಕ್ತಿ. ಈ ಮಿಥಿಕ್ ನಿಯಮಗಳು ಕಾಗದದ ಮೇಲೇ ಹದ ತಪ್ಪಿದ್ದವು. ಮೇಲಿನ ಲೆವೆಲ್‌ಗಳಲ್ಲಿ ಆಟಗಾರರಿಗೆ ಎದುರೇ ಇರಲಿಲ್ಲ ಅಂತ ಆಗಲೇ ದೂರಿತ್ತು. ಇಷ್ಟೆಲ್ಲ ಬಲ ಕೊಟ್ಟ ಮೇಲೆ ಔಲ್‌ಕ್ಯಾಟ್‌ನವರು ಏನು ಮಾಡಬೇಕು? ಶತ್ರುಗಳ ಸಂಖ್ಯೆಗಳನ್ನು ಏರಿಸಿದರು. ಪುಸ್ತಕದಲ್ಲಿ ಇರುವುದಕ್ಕಿಂತ ಎಸಿ ಜಾಸ್ತಿ, ಏಟು ಜಾಸ್ತಿ. ಆ ಏರಿಸಿದ ಸಂಖ್ಯೆಯನ್ನು ಮುಟ್ಟಬೇಕು ಅಂದರೆ ನಿಮಗೆ 34 ಬಫ್ ಬೇಕು. ಬಫ್ ಹಾಕಿದ ತಕ್ಷಣ ಶತ್ರು ಪುಡಿ. ಹಗ್ಗದ ಎರಡೂ ತುದಿಯನ್ನು ಅಷ್ಟು ಜೋರಾಗಿ ಎಳೆದಿರುವುದರಿಂದ ನಡುವೆ ಆಡುವುದಕ್ಕೆ ಸಡಿಲವೇ ಉಳಿದಿಲ್ಲ. ಮೇಜಿನ ಹತ್ತಿರ ಕೂತಿದ್ದ ಆ ಒಬ್ಬರ ಕೆಲಸವನ್ನು ಸಂಖ್ಯೆಗಳಿಂದ ಮಾಡಿಸಲು ಹೋಗಿದ್ದಾರೆ.

ಹೆಸರಿನಲ್ಲೇ ಗೊತ್ತಾಗಿರಬೇಕು, ನಾನು ಕವಡೆ ಆಡಿಕೊಂಡು ಬೆಳೆದವಳು. ಚೌಕಾಬಾರದಲ್ಲಿ ನಾಲ್ಕು ಕವಡೆ ಸಾಕು. ಆದರೆ ಪ್ರತಿ ಎಸೆತದ ಮೇಲೂ ನಾಲ್ಕು ಜನರ ಉಸಿರು ನಿಂತಿರುತ್ತದೆ. ಇಲ್ಲಿ ನನ್ನ ಬೋನಸ್ 45 ಆದಮೇಲೆ 20 ಮುಖದ ಡೈಸ್‌ನಲ್ಲಿ ಏನು ಬಿದ್ದರೇನು?

ಬನಶಂಕರಿ ಬಾರ್ಡ್

ಅಕ್ಕ, ಕೊನೆಯ ಸಾಲು ಓದಿ ಎರಡು ನಿಮಿಷ ಸುಮ್ಮನೆ ಕೂತೆ. ಹೌದು. ನನಗೆ ಹೇಳೋಕೆ ಬರದೇ ಇದ್ದಿದ್ದು ಇದೇ. ಮೊದಲ ಅಂಕದಲ್ಲಿ ಡೈಸ್ ಮುಖ್ಯ. ಅದಕ್ಕೇ ಕೆನಾಬ್ರೆಸ್ ಅಷ್ಟು ಚೆನ್ನಾಗಿದೆ. ಒಂದು ಬ್ಲೆಸ್, ಒಂದು ಗ್ರೀಸ್ ಸ್ಪೆಲ್ ಇಡೀ ಯುದ್ಧ ತಿರುಗಿಸುತ್ತದೆ. ಶತ್ರುಗಳು ಜಾರಿ ಬೀಳುತ್ತಾರೆ, ನಾವು ಓಡಿಹೋಗಿ ಹೊಡೆಯುತ್ತೇವೆ. ಐದನೇ ಅಂಕದಲ್ಲಿ ನಾನು ಯಾವ ಯುದ್ಧ ಮಾಡಿದೆ ಅಂತ ಕೇಳಿದರೆ ನೆನಪೇ ಇಲ್ಲ.

ಲೆಕ್ಕಿಗರೇ, ನೀವು ಹೇಳಿದ ಮಿಥಿಕ್ ಆಯ್ಕೆ ಇದೆ, ನಿಜ. ನಾನು ಈ ಸಲ ಅದನ್ನೇ ತಗೊಂಡೆ. ಆದರೆ ‘ಬೇಜಾರಿನ ಕೆಲಸ ಕಮ್ಮಿ ಮಾಡುವ’ ಶಕ್ತಿಯನ್ನು ಖರ್ಚು ಮಾಡಿ ಕೊಳ್ಳಬೇಕು ಅಂದರೆ, ಅದು ಗೇಮ್ ತಾನೇ ಒಪ್ಪಿಕೊಂಡ ಹಾಗಲ್ವಾ?

ಲೆಕ್ಕಿಗ ಲಿಚ್

ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮುಂದಿನ ಪ್ರಶ್ನೆ.

ಕ್ರುಸೇಡ್ ಬಗ್ಗೆ ಹೇಳುತ್ತೇನೆ, ಯಾರೂ ಕೇಳದಿದ್ದರೂ. ಮೂರನೇ ಅಂಕದಲ್ಲಿ ನೀವು ಡ್ರೆಜೆನ್ ಕೋಟೆಯ ಒಡೆಯ. ವಾರಕ್ಕೊಮ್ಮೆ ಸೈನಿಕರು ಸೇರುತ್ತಾರೆ. ಹಣ, ಸಾಮಗ್ರಿ, ಶಕ್ತಿ ಅಂತ ಮೂರು ಖಾತೆ. ಹೊರಗೆ ನಕ್ಷೆಯ ಮೇಲೆ ದಂಡು ನಡೆಸಬೇಕು, ದಂಡುಗಳ ಯುದ್ಧ ಚದುರಂಗದ ಹಾಗೆ ಚೌಕದ ಮೇಲೆ. ದಂಡನಾಯಕನಾಗಿ ಮಂತ್ರವಾದಿಯನ್ನು ಇಟ್ಟರೆ ಮುಗಿಯಿತು, ಬೆಂಕಿ ಉಂಡೆ ಎಸೆದು ಎಸೆದು ಎದುರಿನ ದಂಡನ್ನೇ ಸುಟ್ಟುಬಿಡುತ್ತಾನೆ. ಬೇರೆ ಜಾತಿಯ ನಾಯಕರನ್ನು ಯಾಕೆ ಕೊಟ್ಟಿದ್ದಾರೋ ಗೊತ್ತಿಲ್ಲ. ಇದು ಹದ ತಪ್ಪಿದೆ, ಒಪ್ಪುತ್ತೇನೆ.

ಆದರೆ ಕಥೆಯಲ್ಲಿ ನಾವು ಸೇನಾಪತಿ ಅಂತಾರಲ್ಲ, ಆ ಭಾರ ಅನಿಸಬೇಕಾದರೆ ಇದು ಬೇಕು. ಆರು ಜನ ಗುಹೆಯಲ್ಲಿ ಓಡಾಡಿಕೊಂಡು ‘ನಾನು ಸೇನಾಪತಿ’ ಅಂದರೆ ಯಾರು ನಂಬುತ್ತಾರೆ?

ಕೆಲಸ ಮುಗಿದ ಮೇಲೆ

ನಾನು ಸೆಟ್ಟಿಂಗ್‌ನಲ್ಲಿ ಕ್ರುಸೇಡ್ ಆಟೋ ಮೋಡ್‌ಗೆ ಹಾಕಿದೆ. ನೆಮ್ಮದಿ. ಮುಗಿಸಿದ ಮೇಲೆ ಗೊತ್ತಾಯಿತು, ಆಟೋ ಹಾಕಿದರೆ ಗುಟ್ಟಿನ ಮುಕ್ತಾಯ ಸಿಗುವುದಿಲ್ಲವಂತೆ. ಇದು ಯಾವ ನ್ಯಾಯ? ಇಷ್ಟವಿಲ್ಲದ ಭಾಗ ಬಿಟ್ಟರೆ ಇಷ್ಟವಿದ್ದ ಭಾಗದಲ್ಲೂ ದಂಡ.

ಮೆಟ್ರೋ ಮಾಂತ್ರಿಕ

ಗುಟ್ಟಿನ ಮುಕ್ತಾಯದ ಬಗ್ಗೆ ಮಾತೇ ಬೇಡ ಗುರು. ಬಹಳ ಮುಂಚಿನಿಂದಲೇ ಯಾವ ವಸ್ತು ಇಟ್ಟುಕೊಳ್ಳಬೇಕು, ಯಾರ ಹತ್ರ ಏನು ಕೇಳಬೇಕು, ಜೊತೆಗಾರ್ತಿ ನೆನಿಯೊಳ ಒಗಟಿನ ಗುಹೆ ಬಿಡಿಸಬೇಕು, ಕೊನೆಗೆ ಪಂಚಾಂಗದಲ್ಲಿ ಒಂದು ನಿರ್ದಿಷ್ಟ ವಾರದಲ್ಲೇ ಕೊನೆಯ ಜಾಗಕ್ಕೆ ಕಾಲಿಡಬೇಕು. ಆ ಅಜ್ಜ ಹೇಳಿದ್ದು ಸರಿಯೇ ಇತ್ತು!

ನಾಲ್ಕನೇ ಅಂಕದ ರಾಕ್ಷಸರ ಪಟ್ಟಣ ಅಲುಶಿನಿರಾದಲ್ಲಿ ಕ್ಯಾಮೆರಾ ತಿರುಗಿಸಿದರೆ ಬೀದಿಗಳೇ ಸರಿದು ಜೋಡಿಯಾಗುತ್ತವೆ. ಮುಂದೆ ದಾರಿ ಇಲ್ಲ ಅನಿಸುತ್ತದೆ, ಒಂದು ಸುತ್ತು ತಿರುಗಿಸಿ ನೋಡಿದರೆ ಸೇತುವೆ ಬಂದಿರುತ್ತದೆ. ಎಷ್ಟು ಜನ ಬೈಯುತ್ತಾರೆ ಗೊತ್ತು. ನನಗೆ ಮಾತ್ರ ಏನೂ ಅನಿಸಲಿಲ್ಲ. ಒನ್ ವೇಗಳು ರಾತ್ರೋರಾತ್ರಿ ಬದಲಾಗುವ ಊರಲ್ಲಿ ಗಾಡಿ ಓಡಿಸುವವನು ನಾನು.

ಹೊಸಬ 560

ನಮಸ್ಕಾರ ಎಲ್ಲರಿಗೂ. ಬಾಲ್ಡರ್ಸ್ ಗೇಟ್ 3 ಎರಡು ಸಲ ಮುಗಿಸಿದ್ದೀನಿ. ಅದೇ ತರ ಇನ್ನೊಂದು ಬೇಕು ಅಂತ ಹುಡುಕುವಾಗ ಇದು ಸಿಕ್ಕಿತು. ಸೇಲ್‌ನಲ್ಲಿದೆ. ನಿಮ್ಮ ಮಾತು ಓದಿದರೆ ಭಯ ಆಗುತ್ತಿದೆ. ತಗೋಬಹುದಾ? ಕಥೆ ಹೇಗಿದೆ ಅಂತ ಯಾರೂ ಹೇಳಲೇ ಇಲ್ಲ.

ಚೌಕಾಬಾರ ಅಕ್ಕ

ತಗೋಪ್ಪ. ಆದರೆ ‘ಅದೇ ತರ’ ಅಂತ ಹೋಗಬೇಡ. ಬಾಲ್ಡರ್ಸ್ ಗೇಟ್ 3ರಲ್ಲಿ ನಾಲ್ಕು ಜನ, 12ನೇ ಲೆವೆಲ್‌ಗೆ ಮುಗಿಯುತ್ತದೆ. ಇಲ್ಲಿ ಆರು ಜನ, 20ರವರೆಗೆ, ಜೊತೆಗೆ 10 ಮಿಥಿಕ್ ಮೆಟ್ಟಿಲು. ಅಲ್ಲಿ ಎಲ್ಲ ಮಾತಿಗೂ ದನಿ ಇದೆ, ಮುಖ ಇದೆ. ಇಲ್ಲಿ ಮುಖ್ಯ ಮಾತುಗಳಿಗೆ ಮಾತ್ರ ದನಿ, ಉಳಿದದ್ದನ್ನು ಕೂತು ಓದಬೇಕು. ಸಿಕ್ಕಾಪಟ್ಟೆ ಓದಬೇಕು. ಅಲ್ಲಿ ಎಣ್ಣೆ ಚೆಲ್ಲಿ ಬೆಂಕಿ ಹಚ್ಚಿ ಶತ್ರುವನ್ನು ಮೇಲಿಂದ ತಳ್ಳಿದ್ದೆಯಲ್ಲ, ಆ ಮೋಜು ಇಲ್ಲಿಲ್ಲ.

ಕಥೆ ಕೇಳಿದೆ. ನನಗೆ ಎಂಬರ್ ಸಾಕು. ಅವಳೊಂದು ಎಲ್ಫ್ ಹುಡುಗಿ. ಮಾಟಗಾತಿ ಅಂತ ಅವಳನ್ನೂ ಅವಳ ತಂದೆಯನ್ನೂ ಕಂಬಕ್ಕೆ ಕಟ್ಟಿ ಸುಟ್ಟಿರುತ್ತಾರೆ. ಸುಟ್ಟವರು ರಾಕ್ಷಸರಲ್ಲ, ನಮ್ಮವರೇ, ಧರ್ಮಯುದ್ಧದ ಕಡೆಯವರು. ತಂದೆ ಹೋದ, ಇವಳು ಉಳಿದಳು. ಮೈತುಂಬ ಸುಟ್ಟ ಕಲೆ, ಜೊತೆಗೆ ಒಂದು ಕಾಗೆ. ಅಷ್ಟಾದರೂ ಯಾರ ಮೇಲೂ ದ್ವೇಷ ಇಲ್ಲ. ಆಮೇಲೆ ಅವಳು ರಾಕ್ಷಸರ ಮುಂದೆ ನಿಂತು ಒಳ್ಳೆಯವರಾಗಿ ಅಂತ ಬುದ್ಧಿ ಹೇಳುತ್ತಾಳೆ. ಮೊದಲು ನಗು ಬಂತು. ‘ಈ ಮಗುವಿಗೆ ತಿಳುವಳಿಕೆ ಇಲ್ಲ’ ಅಂದುಕೊಂಡೆ. ಗೇಮ್ ಕೂಡ ನಾವು ಹಾಗೇ ಅಂದುಕೊಳ್ಳಲಿ ಅಂತ ಬಿಡುತ್ತದೆ. ಮುಂದೆ ಏನಾಗುತ್ತದೆ ಹೇಳುವುದಿಲ್ಲ. ನಾನು ಅವಳಿಗೆ ಒಂದು ಬಫ್ ಕಮ್ಮಿಯಾದರೂ ಲೋಡ್ ಮಾಡುತ್ತಿದ್ದೆ, ಅಷ್ಟು ಹೇಳುತ್ತೇನೆ.

ಲೆಕ್ಕಿಗ ಲಿಚ್

ಮತ್ತೆ ಅದರ ಎದುರು ತುದಿ ರೆಗಿಲ್. ಮೊಣಕಾಲೆತ್ತರದ ನೋಮ್ (ಕುಳ್ಳ ಜನಾಂಗದವನು), ಹೆಲ್‌ನೈಟ್ ಅನ್ನುವ ಕಟ್ಟುನಿಟ್ಟಿನ ಯೋಧಪಂಥದವನು. ಕಲ್ಲೆದೆ. ಅವನು ಹೇಳುವ ಒಂದು ಮಾತೂ ನನಗೆ ಇಷ್ಟ ಇಲ್ಲ, ಆದರೆ ಲೆಕ್ಕದಲ್ಲಿ ಒಂದು ಸಲವೂ ತಪ್ಪು ಹಿಡಿಯೋಕೆ ಆಗಲಿಲ್ಲ. ಎಂಬರ್ ಮತ್ತು ಅವನು ಒಂದೇ ಕ್ಯಾಂಪ್‌ನಲ್ಲಿ ಕೂತು ಮಾತಾಡುವುದನ್ನು ಕೇಳಬೇಕು. ಈ ಗೇಮ್ ಬರೆದವರಿಗೆ ಅಲ್ಲಿ ಪೂರ್ತಿ ಅಂಕ.

ಆಮೇಲೆ ಮಿಥಿಕ್ ದಾರಿಗಳು. ಬರೀ ಬೇರೆ ಬಣ್ಣದ ಸ್ಪೆಲ್ ಅಲ್ಲ. ಅಜಾಟಾ ಆದರೆ ಐವು ಅಂತ ಮರಿ ಡ್ರ್ಯಾಗನ್ ಸಿಗುತ್ತದೆ. ಸ್ವಾರ್ಮ್ ದಾರಿ ಹಿಡಿದರೆ ನೀವೇ ಹುಳಗಳ ಹಿಂಡು, ಜೊತೆಗಾರರು ಉಳಿಯುವುದಿಲ್ಲ, ಕೊನೆಗೆ ಒಬ್ಬರೇ. ಲೆಜೆಂಡ್ ಅಂದರೆ ಆ ದೈವಶಕ್ತಿಯನ್ನೇ ಬಿಟ್ಟುಕೊಟ್ಟು ಮಾಮೂಲಿ ಮನುಷ್ಯನಾಗಿ 40ನೇ ಲೆವೆಲ್‌ವರೆಗೆ ಹೋಗಬಹುದು. ಅದಕ್ಕೇ ಜನ ಮೂರು ಸಲ ಆಡುವುದು.

ಮೇಲ್ವಿಚಾರಕ

ಕಥೆಯ ಗುಟ್ಟುಗಳನ್ನು ಇನ್ನು ಮುಂದೆ ಮುಚ್ಚಿ ಬರೆಯಿರಿ. ಜೊತೆಗಾರ್ತಿ ಕ್ಯಾಮೆಲಿಯಾ ಬಗ್ಗೆ ಬಂದಿದ್ದ ಎರಡು ಉತ್ತರ ತೆಗೆದಿದ್ದೇನೆ. ಬರೆದವರಿಗೆ ಯಾಕೆ ಅಂತ ಗೊತ್ತು.

ಬನಶಂಕರಿ ಬಾರ್ಡ್

ಹೊಸಬ, ನನ್ನ ತಪ್ಪುಗಳನ್ನು ಹೇಳಿಬಿಡುತ್ತೇನೆ, ನಿನಗೆ ಉಪಯೋಗಕ್ಕೆ ಬರಬಹುದು.

ಮೊದಲ ಸಲ ನಾನು ಮಿಂಚಿನ ಮಾಂತ್ರಿಕ ಆಗಿದ್ದೆ. ಸಿಡಿಲು ಹೊಡೆಯುವ ಸ್ಪೆಲ್ ಎಲ್ಲ ಆರಿಸಿಕೊಂಡೆ. ಚಿತ್ರ ಚೆನ್ನಾಗಿತ್ತು, ಅದಕ್ಕೆ. ಈ ಗೇಮ್‌ನ ರಾಕ್ಷಸರಿಗೆ ವಿದ್ಯುತ್ ತಾಗುವುದೇ ಇಲ್ಲ. ಪೂರ್ತಿ ಗೇಮ್ ರಾಕ್ಷಸರ ಮೇಲೆ! ಬೆಂಕಿ, ಹಿಮ, ಆಸಿಡ್ ಆದರೂ 10 ಕಳೆದು ಸ್ವಲ್ಪ ತಾಗುತ್ತದೆ. ಸಿಡಿಲು ಪೂರ್ತಿ ಸೊನ್ನೆ. ಅಸೆಂಡೆಂಟ್ ಎಲಿಮೆಂಟ್ ಅನ್ನುವ ಮಿಥಿಕ್ ಶಕ್ತಿ ತಗೊಂಡರೆ ಇದು ಸರಿಹೋಗುತ್ತದೆ, ಆದರೆ ಅದು ಗೊತ್ತಿದ್ದರೆ ತಾನೇ ತಗೊಳ್ಳುವುದು? ಪಾತ್ರ ಮಾಡುವ ಪರದೆಯಲ್ಲಿ ಒಂದು ಸಾಲು ಎಚ್ಚರಿಕೆ ಇದ್ದಿದ್ದರೆ ನನ್ನ 20 ಗಂಟೆ ಉಳಿಯುತ್ತಿತ್ತು. ಇದನ್ನು ನಾನು ಕಷ್ಟ ಅಂತ ಕರೆಯುವುದಿಲ್ಲ. ಗುಂಡಿ ತೋಡಿ ಮೇಲೆ ಎಲೆ ಮುಚ್ಚಿದ ಹಾಗೆ.

ಎರಡನೇದು ಲೆಪರ್ಸ್ ಸ್ಮೈಲ್. ಎರಡನೇ ಅಂಕದಲ್ಲಿ ಡ್ರೆಜೆನ್ ಕಡೆ ನಡೆಯುವಾಗ ಬರುವ ಗುಹೆ. ವೆಸ್ಕವೋರ್ ಅಂತ ಹುಳಗಳ ಹಿಂಡು. ಕತ್ತಿ, ಬಾಣ ಏನೂ ಲೆಕ್ಕಕ್ಕಿಲ್ಲ. ಅಗಲಕ್ಕೆ ಹಬ್ಬುವ ಸ್ಪೆಲ್ಲೇ ಬೇಕು. ನನ್ನ ಗುಂಪಿನಲ್ಲಿ ಕತ್ತಿ ಹಿಡಿದವರು ನಾಲ್ಕು ಜನ. ಅದರ ಮೇಲೆ ಆ ಹುಳಗಳ ಗುಂಯ್ ಸದ್ದಿಗೆ ತಲೆ ಕೆಟ್ಟು ನಮ್ಮವರು ನಮ್ಮವರನ್ನೇ ಹೊಡೆಯುತ್ತಾರೆ. ಸೀಲಾ ಹೋಗಿ ಎಂಬರ್‌ಗೆ ಹೊಡೆದಳು. ಅಕ್ಕ, ಕ್ಷಮಿಸಿ. ಅಲ್ಲಿ ಹೋಗುವ ಮುಂಚೆ ಬೆಂಕಿ ಸ್ಕ್ರೋಲ್ ಹತ್ತಾರು ಕೊಂಡಿಟ್ಟುಕೋ.

ಬಿಲ್ಡ್ (ಪಾತ್ರ ಕಟ್ಟಿದ ರೀತಿ) ಹಾಳಾದರೆ ಗಾಬರಿ ಬೇಡ. ಹಿಲೋರ್ ಅನ್ನುವವನ ಹತ್ತಿರ ಹೋದರೆ ಲೆವೆಲ್‌ಗಳನ್ನು ಮೊದಲಿಂದ ಕಟ್ಟಿಕೊಡುತ್ತಾನೆ. ಇದು ನಿಜಕ್ಕೂ ಒಳ್ಳೆ ಕೆಲಸ.

ಹೊಸಬ 560

ಯಾವ ಕಷ್ಟದ ಮಟ್ಟ ಇಡಲಿ? ಬಾಲ್ಡರ್ಸ್ ಗೇಟ್‌ನಲ್ಲಿ ಟ್ಯಾಕ್ಟಿಶಿಯನ್ ಆಡಿದ್ದೆ. ಇಲ್ಲಿ ‘ಕೋರ್’ ಅಂತ ಇದೆ, ಅದನ್ನೇ ಇಡೋಣ ಅಂದುಕೊಂಡಿದ್ದೀನಿ.

ಕೆಲಸ ಮುಗಿದ ಮೇಲೆ

ಬೇಡ!

ಚೌಕಾಬಾರ ಅಕ್ಕ

ಬೇಡಪ್ಪ.

ಲೆಕ್ಕಿಗ ಲಿಚ್

ನಾನೂ ಬೇಡ ಅಂತೀನಿ. ‘ಕೋರ್’ ಅಂದರೆ ಮೇಜಿನ ನಿಯಮ ಅಂತ ಹೆಸರಿಗೆ. ಆದರೆ ಶತ್ರುಗಳು ಮೇಜಿನವರಲ್ಲ, ಅಕ್ಕ ಆಗಲೇ ಹೇಳಿದರು. ‘ನಾರ್ಮಲ್’ ಇಡಿ. ಆಮೇಲೆ ಒಂದೊಂದೇ ಅಂಶ ಬೇರೆ ಬೇರೆಯಾಗಿ ಏರಿಸಬಹುದು. ಶತ್ರುಗಳ ಏಟು ಎಷ್ಟು, ಕ್ರಿಟಿಕಲ್ ಬೀಳಬೇಕೋ ಬೇಡವೋ, ಎಲ್ಲಕ್ಕೂ ಬೇರೆ ಬೇರೆ ಗುಂಡಿ ಇದೆ. ಇಷ್ಟು ವಿವರವಾದ ಸೆಟ್ಟಿಂಗ್ ಬೇರೆ ಗೇಮ್‌ನಲ್ಲಿ ಅಪರೂಪ. ಇದನ್ನು ಬಾರ್ಡ್ ಹೊಗಳಲು ಮರೆತಿದ್ದಾರೆ.

ಬನಶಂಕರಿ ಬಾರ್ಡ್

ಮರೆತಿದ್ದು ಹೌದು. ನನ್ನ ಸಿಟ್ಟಿನಲ್ಲಿ ಅರ್ಧ ಇಲ್ಲೇ ಕರಗುತ್ತದೆ. ಈ ಸಲ ಐದನೇ ಅಂಕದಲ್ಲಿ ಮಟ್ಟ ಇಳಿಸಿದೆ, ಬಫ್ 34ರಿಂದ 9ಕ್ಕೆ ಬಂತು, ಯುದ್ಧಗಳು ಮೂರು ನಾಲ್ಕು ಸುತ್ತು ಹೋಗುತ್ತಿದ್ದವು. ಗೆದ್ದೆ ಅಂತ ಜಂಬ ಇಲ್ಲ, ಆದರೆ ಆಡಿದೆ ಅನಿಸಿತು. ಮೊದಲ ಎರಡು ಸಲ ಯಾಕೆ ಇಳಿಸಲಿಲ್ಲ ಅಂದರೆ, ಹಠ. ಬೇರೆ ಏನೂ ಇಲ್ಲ.

ಮೆಟ್ರೋ ಮಾಂತ್ರಿಕ

ಎಲ್ಲ ಗುಂಡಿಗಳೂ ಇವೆ, ಅಕ್ಷರ ದೊಡ್ಡ ಮಾಡುವ ಗುಂಡಿ ಮಾತ್ರ ನನ್ನ ಕಣ್ಣಿಗೆ ಸಾಕಾಗುವಷ್ಟು ತಿರುಗುವುದಿಲ್ಲ.

ಹೊಸಬ 560

ತಗೊಂಡೆ. ನಾರ್ಮಲ್ ಇಟ್ಟೆ. ಮೂರು ಗಂಟೆ ಆಡಿದೆ. ಗುಹೆಯೊಳಗೆ ಶೀಲ್ಡ್ ಮೇಜ್ ಅಂತ ಜಾಗ. ಒಂದು ಪಕ್ಕದ ಕೋಣೆ, ಹೋಗಲೇಬೇಕು ಅಂತೇನೂ ಇರಲಿಲ್ಲ. ಒಳಗೆ ನೀರಿನ ಭೂತ. ನಾನು, ಸೀಲಾ, ಕ್ಯಾಮೆಲಿಯಾ, ಲ್ಯಾನ್, ನಾಲ್ಕೂ ಜನ ಮಲಗಿದೆವು. ಅದಕ್ಕೆ ತಾಗಿದ್ದು ಎರಡೇ ಏಟು.

ಬನಶಂಕರಿ ಬಾರ್ಡ್

ಹಹ್ಹಾ, ಎಲ್ಲರೂ ಅಲ್ಲಿ ಸತ್ತವರೇ. ಆ ಕೋಣೆ ಬಿಟ್ಟು ಮುಂದೆ ಹೋಗು, ಆಮೇಲೆ ಬಂದರಾಯಿತು.

ಹೊಸಬ 560

ಇಲ್ಲ ಅಣ್ಣ, ಲಾಗ್ ಓದ್ತಿದ್ದೀನಿ. ಲ್ಯಾನ್‌ಗೆ ಡೈಸ್ 14 ಬಿದ್ದಿತ್ತು, ಎರಡು ಕಮ್ಮಿ. ಕ್ಯಾಮೆಲಿಯಾನ ಪಕ್ಕಕ್ಕೆ ನಿಲ್ಲಿಸಿ ಸೀಲಾಗೆ ಇನ್ನೊಂದು ಸಲ ನೋಡ್ತೀನಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್ ಬೇರೆ ಇದೆ.